ಟಿವಿಯವರು ಕದ್ದ ಬೆಂಕಿ

ಮಟಮಟ ಮಧ್ಯಾಹ್ನ ಓಣಿಯಲ್ಲಿ ಪಟಾಕಿ ಸಿಡಿದವು. ಹಬ್ಬವಿಲ್ಲ, ಮದುವೆಯಿಲ್ಲ, ಇವರಿಗೇನು ಬಂತು ರೋಗ ಎಂದುಕೊಳ್ಳುತ್ತ ಅನ್ವರಿ ಬಾಗಿಲ ಪರದೆ ಸರಿಸಿದಳು. ಅದಕ್ಕಿಂತ ಮುಂದೆ ಹೋಗುವಂತಿರಲಿಲ್ಲ. ಗಂಡ ಅಬ್ದುಲ್ ಕರೀಂ ತೀರಿಕೊಂಡು ಎರಡೇ ತಿಂಗಳು. ಇದ್ದತ್ ಹಿಡಿದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟಬಾರದು ಎಂಬುದು ಬಸವಕಲ್ಯಾಣದ ಆ ಓಣಿಯ ಮಕ್ಕಳಿಗೂ ಗೊತ್ತು.

ಎದುರುಮನೆಯ ಲಾರಿ ಡ್ರೈವರ್ ತುಳಜಾರಾಮ ಟಿವಿಯನ್ನು ಹೊರಗೆ ಕಟ್ಟೆಗೆ ತಂದಿಟ್ಟಿದ್ದ. ಕೈಯಲ್ಲಿ ಜಿಲೇಬಿಯ ಪೊಟ್ಟಣ. ಹೋಗಿಬರುವವರನ್ನೆಲ್ಲ ತಡೆದು ಬಾಯಿಗಿಡುತ್ತಿದ್ದ. ಗಡಿಯಲ್ಲಿ ಗುಂಡಿನ ಕಾಳಗ ಶುರುವಾಗಿ ನಾಲ್ಕು ದಿನವಾಗಿತ್ತು. ಆ ನಾಲ್ಕು ದಿನದಲ್ಲಿ ಟಿವಿಯವರು ಶತ್ರುದೇಶದ ಐದು ಪಟ್ಟಣ ಗೆದ್ದು, ಅದರಲ್ಲಿ ಮೂರನ್ನು ಸಂಜೆಯ ಹೊತ್ತಿಗೆ ಮರೆತೂ ಬಿಟ್ಟಿದ್ದರು. ಅಮೆರಿಕ ಯಾರ ಬೆನ್ನಿಗಿದೆ, ಚೀನಾ ಯಾರಿಗೆ ವಿಮಾನ ಮಾರಿದೆ ಎಂದು ಕೋಟು ತೊಟ್ಟ ಆರು ಮಂದಿ ಆರು ಚೌಕದಲ್ಲಿ ಕುಳಿತು ಗಂಟಲು ಹರಿಯುವಂತೆ ಕಿರುಚುತ್ತಿದ್ದರು. ಇವತ್ತಿನ ಸುದ್ದಿ ಇನ್ನೂ ದೊಡ್ಡದು. ಗಡಿಯಾಚೆಯ ಒಂದು ಪ್ರಾಂತದ ಜನ ನಮ್ಮ ನಾಡು ನಮಗೆ ಕೊಡಿ ಎಂದು ಎದ್ದಿದ್ದಾರಂತೆ, ಚೀನಾ ಕಟ್ಟಿಸಿಕೊಟ್ಟ ಎಣ್ಣೆ ಡಿಪೋಗೆ ಬೆಂಕಿ ಇಟ್ಟಿದ್ದಾರಂತೆ. ಟಿವಿಯ ತುಂಬ ಕಪ್ಪು ಹೊಗೆ. ಅದರ ಮುಂದೆ ಒಬ್ಬ, ನೋಡುವವರಿಗೆ ಬೆನ್ನು ಮಾಡಿ, ಕಬ್ಬಿಣದ ರಾಡಿನಿಂದ ಗೇಟಿಗೆ ಹೊಡೆಯುತ್ತಿದ್ದ.

"ನೋಡಿ, ಈ ಸ್ವಾತಂತ್ರ್ಯವೀರನನ್ನು ನೋಡಿ!" ಎಂದು ಸುದ್ದಿ ಓದುವವ ಕುಣಿಯುತ್ತಿದ್ದ.

ಅನ್ವರಿ ಹೊಸ್ತಿಲ ತನಕ ಬಂದು ಕಣ್ಣು ಕಿರಿದು ಮಾಡಿ ನೋಡಿದಳು. ಆ ಹಸಿರು ತಗಡಿನ ಗೇಟು, ಲಾರಿ ಗುದ್ದಿ ನೆಗ್ಗಿದ ಅದರ ಎಡಮೂಲೆ, ಪಕ್ಕದ ಟಯರ್ ರಾಶಿ! ಅವಳ ಫೋನಿನಲ್ಲೇ ಇತ್ತಲ್ಲ ಆ ವಿಡಿಯೋ. ನೂರು ಸಲ ನೋಡಿ ನೂರು ಸಲ ಎದೆ ಬಡಿದುಕೊಂಡಿದ್ದಳು. ಅದು ಯಾವ ಪ್ರಾಂತವೂ ಅಲ್ಲ, ಹುಮನಾಬಾದ್ ರಸ್ತೆಯ ಶೆಡ್ಡು. ಹಳೇ ಟಯರ್ ಕಾಯಿಸಿ ಎಣ್ಣೆ ತೆಗೆಯುವ ಆ ಶೆಡ್ಡಿನಲ್ಲೇ ಕರೀಂ ಮತ್ತು ಇನ್ನಿಬ್ಬರು ಸುಟ್ಟು ಸತ್ತಿದ್ದರು.

ಕೆಲಸಗಾರರು ನಡುವೆ ಎದ್ದು ಹೋಗದಿರಲೆಂದು ಗೇಟಿಗೆ ಹೊರಗಿನಿಂದ ಕೀಲಿ ಜಡಿಯುವುದು ಅಲ್ಲಿಯ ರೂಢಿ. ಬೆಂಕಿ ಆರಿದ ಮೇಲೆ ಮಾಲಕ ಹೇಳಿದ್ದೇ ಬೇರೆ. ಗೇಟು ತೆರೆದೇ ಇತ್ತು, ಕರೀಂ ಬೀಡಿ ಹಚ್ಚಿದ, ಎಣ್ಣೆಗೆ ಕಿಡಿ ತಾಗಿತು, ಉಳಿದಿಬ್ಬರನ್ನು ಕೊಂದವನೂ ಅವನೇ ಎಂದ. ಬೀಡಿಯಂತೆ, ಬೀಡಿ! ಅಡಿಕೆಯ ಚೂರನ್ನೂ ಬಾಯಿಗೆ ಹಾಕದವನ ತಲೆಗೆ ಎರಡು ಹೆಣ ಕಟ್ಟಿದ ಪುಣ್ಯಾತ್ಮ. ಅದು ಸುಳ್ಳೆಂದು ಹೇಳಲು ಅನ್ವರಿಯ ಬಳಿ ಇದ್ದದ್ದು ಆ ವಿಡಿಯೋ ಒಂದೇ. ರಸ್ತೆಯಾಚೆ ಲಾರಿ ತೂಗುವ ಕಾಟಾದಲ್ಲಿ ಕೆಲಸ ಮಾಡುವ ಕಾಜಲ ಎಂಬಾಕೆ ತೆಗೆದದ್ದು. ಗೇಟಿನ ಮೇಲೆ ಕೀಲಿ ನೇತಾಡುವುದು ಅದರಲ್ಲಿ ನಿಚ್ಚಳವಾಗಿ ಕಾಣುತ್ತಿತ್ತು. ಮುಂದಿನ ಗುರುವಾರ ಹುಮನಾಬಾದಿನಲ್ಲಿ ವಿಚಾರಣೆ ಇತ್ತು.

ರಾಡು ಹಿಡಿದವನು ಬೇರೆ ಯಾರೂ ಅಲ್ಲ, ಇದೇ ತುಳಜಾರಾಮ. ಅವನು ಎರಡು ಏಟು ಹಾಕುವಷ್ಟರಲ್ಲಿ ವಿಡಿಯೋ ಮುಗಿದುಹೋಗುತ್ತಿತ್ತು. ಅವತ್ತು ಅವನ ಲಾರಿ ಕಾಟಾದಲ್ಲಿ ನಿಂತಿತ್ತು. ಸುದ್ದಿ ತಂದವನೂ ಅವನೇ. "ಹೊಗಿಗೇ ಪ್ರಾಣ ಹೋಗಿತ್ತು ಭಾಬಿ, ಅವಗ ಏನೂ ಗೊತ್ತಾಗಿಲ್ಲ" ಎಂದಿದ್ದ. ಆ ಒಂದು ಮಾತು ಹಿಡಿದುಕೊಂಡು ಅನ್ವರಿ ಎರಡು ತಿಂಗಳು ತಳ್ಳಿದ್ದಳು.

ಅಂಥವನು ಇವತ್ತು ಜಿಲೇಬಿ ಹಂಚುತ್ತಿದ್ದಾನೆ! ಅವಳ ಮೈಯೆಲ್ಲ ಉರಿದುಹೋಯಿತು. ಇದ್ದತ್ತೂ ಇಲ್ಲ, ಹೊಸ್ತಿಲೂ ಇಲ್ಲ, ಒಂದೇ ಏಟಿಗೆ ಓಣಿಗೆ ಬಂದಳು.

"ಯಣ್ಣಾ! ಯಾರ ಬೆಂಕಿಗಿ ಜಿಲೇಬಿ ಹಂಚಾಕತ್ತಿ? ಅದು ನನ್ನ ಗಂಡನ್ನ ಸುಟ್ಟ ಬೆಂಕಿ ಅದ! ಆ ರಾಡು ಹಿಡದಾಂವ ನೀನಾ ಇದ್ದಿ, ಕಣ್ಣು ಕಾಣಂಗಿಲ್ಲೇನು?"

ತುಳಜಾರಾಮನ ಕೈ ಅರ್ಧಕ್ಕೇ ನಿಂತಿತು. ಅವನ ತಮ್ಮ ದಿಲೀಪ ಫೋನಿನಲ್ಲಿ ಎಲ್ಲವನ್ನೂ ಹಿಡಿಯುತ್ತಿದ್ದ. ಅವನೇ ಮುಂದೆ ಬಂದ.

"ನಮ್ಮೋರು ಗೆದ್ರ ನಿಮಗ್ಯಾಕ ಸಂಕಟ ಭಾಬಿ? ನಮ್ಮ ಫೌಜು ಸುಳ್ಳು ಹೇಳ್ತದೇನು?"

"ಫೌಜು ಯಾಕ ಸುಳ್ಳು ಹೇಳ್ತದೋ? ಅವರ ಪಾಡು ಅವರಿಗೆ. ಸುಳ್ಳು ಹೇಳಾಕತ್ತಿದ್ದು ಆ ಡಬ್ಬಿ!"

ತುಳಜಾರಾಮನ ಹೆಂಡತಿ ಯಶೋದಾಬಾಯಿ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಬಂದು ಟಿವಿಗೆ ಮುಖ ಹಚ್ಚಿ ನೋಡಿದಳು. "ಆಕಿ ಅನ್ನೂದು ಖರೇ ಅದ. ಇಪ್ಪತ್ತು ವರ್ಷ ತಿಕ್ಕೀನಿ ಆ ಬೆನ್ನು, ನನಗ ಗುರ್ತ ಸಿಗಂಗಿಲ್ಲೇನು?" ಎಂದಳು.

ಯಾರೋ ಕಿಸಕ್ಕನೆ ನಕ್ಕರು. ತುಳಜಾರಾಮ ಟಿವಿಯ ಆವಾಜನ್ನು ಇನ್ನಷ್ಟು ಏರಿಸಿದ.

ಆಮೇಲೆ ಆದದ್ದೆಲ್ಲ ಅನ್ವರಿಯ ಹೊಟ್ಟೆ ಉರಿಸುವುದಕ್ಕೇ ಆಯಿತು. ಕಾಜಲಳಿಗೆ ಫೋನು ಮಾಡಿದರೆ, "ಅಕ್ಕಾ, ಮಾಲಕನ ಮಂದಿ ಬಂದಿದ್ರು. ಯುದ್ಧದ ವಿಡಿಯೋ ಇಟ್ಕೊಂಡ್ರ ಜೇಲು ಅಂದ್ರು. ಅಳಿಸಿಬಿಟ್ಟೀನಿ, ನನ್ನ ಹೆಸರು ತಗೀಬ್ಯಾಡ್ರಿ" ಎಂದು ಅತ್ತಳು. ತುಳಜಾರಾಮ ಲೋಡು ಸಿಕ್ಕಿದೆ ಎಂದು ಸೋಲಾಪುರದ ಕಡೆಗೆ ಕಂಬಿ ಕಿತ್ತ. ಇದ್ದತ್ತಿನಲ್ಲಿ ಓಣಿಗೆ ಬಂದಳೆಂದು ನಾಲ್ಕು ಮನೆಯವರು ಮಾತು ಬಿಟ್ಟರು. ಮತ್ತು ಆ ಟಿವಿ! ಆರೂ ಚೌಕದವರು ಆ ಪ್ರಾಂತದ ಜನರ ಸ್ವಯಂನಿರ್ಣಯದ ಹಕ್ಕಿನ ಬಗ್ಗೆ ನೊರೆ ಬರುವಂತೆ ಮಾತಾಡುತ್ತಲೇ ಇದ್ದರು. ಆ ಜನರನ್ನು ಒಬ್ಬನಾದರೂ, ಏನ್ರಪ್ಪಾ ನಿಮಗೇನು ಬೇಕು ಎಂದು ಕೇಳಿದನೇ? ಅಲ್ಲಿಯೂ ಗಂಡ ಸತ್ತವಳೊಬ್ಬಳು ಇರಬಹುದು, ಅವಳ ಮನೆಯ ಬೆಂಕಿಯನ್ನು ಯಾರೋ ಇನ್ನಾವುದೋ ದೇಶದ ಹೆಸರಿಟ್ಟು ತೋರಿಸುತ್ತಿರಬಹುದು ಎನಿಸಿ ಅನ್ವರಿಗೆ ಕಂಡರಿಯದ ಆ ಹೆಂಗಸಿನ ಮೇಲೆ ಅಯ್ಯೋ ಎನಿಸಿತು. ದೊಡ್ಡ ದೊಡ್ಡ ದೇಶಗಳ ಜಗಳಕ್ಕೆ ಬಡವರ ಹೆಣವೂ ಬೇಕೇನು? ಥೂ!

ಗುರುವಾರ ಬೆಳಿಗ್ಗೆ ಅತ್ತೆ ಮುನ್ನಿ ಬೀ ತಾನೇ ಸೊಸೆಯ ಬುರ್ಖಾ ತಂದು ಕೈಗೆ ಕೊಟ್ಟಳು. "ಹಗಲಹೊತ್ತು, ಜರೂರು ಕೆಲಸಕ್ಕ ಹೋಗಬಹುದು. ಗುನಾ ಇದ್ರ ನನ್ನ ತಲಿ ಮ್ಯಾಲ ಇರಲಿ. ನನ್ನ ಮಗ ಖೂನಿ ಅಲ್ಲ ಅಂತ ಬರಿಸ್ಕೊಂಡಾ ಬಾ" ಎಂದಳು.

ಹುಮನಾಬಾದಿನ ಆ ಸರ್ಕಾರಿ ಕೋಣೆಯಲ್ಲಿ ಫ್ಯಾನಿತ್ತು, ತಿರುಗುತ್ತಿರಲಿಲ್ಲ. ವಿಚಾರಣೆಯ ಅಧಿಕಾರಿ ಅನ್ವರಿಯ ಫೋನು ಇಸಿದುಕೊಂಡು ವಿಡಿಯೋವನ್ನು ಎರಡು ಸಲ ನೋಡಿದ. ಮಾಲಕನ ವಕೀಲ ಎದ್ದು ನಿಂತ.

"ಸರ್, ಇದು ಹೊರದೇಶದ್ದು. ಇಡೀ ದೇಶವೇ ಟಿವಿಯಲ್ಲಿ ನೋಡಿದೆ."

"ಟಿವಿ ಮಾತು ಬಿಡ್ರಿ," ಎಂದ ಅಧಿಕಾರಿ.

"ಬಿಟ್ಟೆ ಸರ್. ಸುಳ್ಳು ಸುದ್ದಿ ಪತ್ತೆ ಮಾಡುವವರ ಮಾತಾದರೂ ಕೇಳಿ." ವಕೀಲ ಒಂದು ಹಾಳೆ ಮುಂದಿಟ್ಟ. ಅದರ ಮೇಲೆ ಅದೇ ಹೊಗೆ, ಅದೇ ಗೇಟು, ಅಡ್ಡಡ್ಡ ಕೆಂಪು ಅಕ್ಷರದಲ್ಲಿ 'ನಕಲಿ'. ಇದು ಆ ಪ್ರಾಂತದ ವಿಡಿಯೋ ಅಲ್ಲ, ಎಲ್ಲಿಯದೆಂದು ತಿಳಿದಿಲ್ಲ, ಯಾರೂ ನಂಬಬೇಡಿ ಎಂದು ಬರೆದಿದ್ದರು.

ಅಯ್ಯೋ ದೇವರೇ, ಇದಕ್ಕೇನೆನ್ನಬೇಕು? ಸುಳ್ಳು ಹೇಳಿದವರೂ ಅವಳ ಬೆಂಕಿಯನ್ನು ಕಿತ್ತುಕೊಂಡರು, ಸುಳ್ಳು ಹಿಡಿದವರೂ ಕಿತ್ತುಕೊಂಡರು. "ಹಂಗಾರ ನನ್ನ ಗಂಡ ಎಲ್ಲಿ ಸತ್ತಾನ್ರಿ? ಅದನ್ನರ ಯಾರರ ಹೇಳ್ತೀರೇನು?" ಎಂದು ಅನ್ವರಿ ಕೂಗಿದಳು. ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕತೊಡಗಿದ.

ಅಷ್ಟರಲ್ಲಿ ಬಾಗಿಲಲ್ಲಿ ಯಶೋದಾಬಾಯಿ ಕಂಡಳು. ಗಂಡನ ರಟ್ಟೆ ಹಿಡಿದುಕೊಂಡೇ ಬಂದಿದ್ದಳು. "ಸೋಲಾಪುರದಿಂದ ಎಳಕೊಂಡು ಬಂದೀನ್ರಿ. ಹೇಳ್ರಿ ಈಗ!" ಎಂದು ಅವನನ್ನು ಮುಂದೆ ನೂಕಿದಳು.

"ಆ ವಿಡಿಯೋದಾಗ ಇರಾಂವ ನಾನಾರಿ ಸಾಹೇಬ್ರ," ಎಂದ ತುಳಜಾರಾಮ.

ವಕೀಲ ನಕ್ಕ. ಅವನಲ್ಲಿ ಇನ್ನೊಂದು ವಿಡಿಯೋ ಇತ್ತು. ದಿಲೀಪ ಊರಿಗೆಲ್ಲ ಹಂಚಿದ್ದು. ಅದರಲ್ಲಿ ತುಳಜಾರಾಮ ಬಾಯಿ ತುಂಬ ಜಿಲೇಬಿ ತುಂಬಿಕೊಂಡು, ಶತ್ರುವಿನ ಡಿಪೋ ಉಡೀಸ್ ಎಂದು ಕೂಗುತ್ತಿದ್ದ.

"ಅವತ್ತು ಹೇಳಿದ್ದು ಸುಳ್ಳೋ, ಇವತ್ತು ಹೇಳುವುದೋ?" ಅಧಿಕಾರಿಯ ದನಿ ಬಿಗಿಯಾಗಿತ್ತು.

ಯಶೋದಾಬಾಯಿ ಗಂಡನ ಬೆನ್ನಿಗೆ ತಿವಿದಳು.

"ಅವತ್ತಿಂದು ಸುಳ್ಳರಿ," ಎಂದ ತುಳಜಾರಾಮ. "ನೋಡಿದ ಕೂಡ್ಲೇ ನನಗ ಗುರ್ತ ಹತ್ತಿತ್ತು. ಆದ್ರ ಟಿವಿದಾಂವ ನನ್ನ ವೀರ ಅಂದ. ವೀರ, ಗೇಟು ಒಡಿಯಾಕತ್ತಾನ, ಅಂದ. ನನಗ ಅದು ಬೇಕಾಗಿತ್ತರಿ. ಅದಕ್ಕ ಜಿಲೇಬಿ ಹಂಚಿದೆ."

"ಗೇಟು ಒಡೆದೆಯೇನು?"

"ಇಲ್ಲರಿ." ಅವನು ಬಲಗೈ ಬಿಚ್ಚಿ ಮೇಜಿನ ಮೇಲಿಟ್ಟ. ಅಂಗೈಯ ಅಡ್ಡಕ್ಕೆ ಚರ್ಮ ಸುಟ್ಟು ಗಟ್ಟಿಯಾಗಿತ್ತು. ಓಣಿಯಲ್ಲಿ ಎಲ್ಲರಿಗೂ ರೇಡಿಯೇಟರಿನ ಬಿಸಿನೀರು ಎಂದಿದ್ದ. "ಮೂರು ಏಟು ಹೊಡದೆ. ಒಳಗ ಕರೀಂ ಜಿಂದಾ ಇದ್ದ. 'ತುಳಜಾ, ನೀ ಹೊಡಿ, ನಾ ಒಳಗಿಂದ ನೂಕತೀನಿ' ಅಂದ. ನಾಲ್ಕನೇ ಏಟಿಗೆ ರಾಡು ಕಾದು ಕೈಗೆ ಹತ್ತಿತು. ಒಗದು ಓಡಿದೆ. ಅಂವ ನನ್ನ ಹೆಸರು ಹಿಡದು ಕರಿಯಾಕತ್ತಿದ್ದ. ನಾ ಹೊಳ್ಳಿ ನೋಡ್ಲಿಲ್ಲರಿ."

ಯಶೋದಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳಿಗೂ ಇದು ಗೊತ್ತಿರಲಿಲ್ಲ.

ಅನ್ವರಿ ಅವನತ್ತ ನುಗ್ಗಿದಳು. ಏನೂ ಗೊತ್ತಾಗಿಲ್ಲ ಎಂದಿದ್ದನಲ್ಲ ಈ ಹರಾಮಿ! ಅವನ ಅಂಗಿ ಹಿಡಿದು ಜಗ್ಗಿ, ಆ ಮುಖವನ್ನು ಪರಚಿಬಿಡಬೇಕು ಎನಿಸಿತು. ಕೈ ಎತ್ತಿಯೂ ಬಿಟ್ಟಿದ್ದಳು. ಎತ್ತಿದ ಕೈಯನ್ನು ಮೇಜಿಗೆ ಊರಿ ನಿಂತಳು.

"ಕೀಲಿ ಹೊರಗಿಂದ ಹಾಕಿತ್ತೇನು? ಅದನ್ನ ಹೇಳು."

"ಹಾಕಿತ್ತ ಭಾಬಿ. ಎರಡು ಕೀಲಿ."

"ಬರ್ಕೊರಿ ಸಾಹೇಬ್ರ. ಒಂದಕ್ಷರ ಬಿಡಬ್ಯಾಡ್ರಿ. ಇವನ ಜೋಡಿ ನಂದು ಏನದ ಅದನ್ನ ನಾ ಆಮ್ಯಾಲ ನೋಡ್ಕೋತೀನಿ."

ವಕೀಲ ಏನೋ ಹೇಳಲು ಹೋದ. ಅಧಿಕಾರಿ ಅವನನ್ನು ಕೈಸನ್ನೆಯಿಂದಲೇ ಕೂರಿಸಿ, ಪೆನ್ನಿನ ಮುಚ್ಚಳ ತೆಗೆದು ಗುಮಾಸ್ತನಿಗೆ ಕೊಟ್ಟ. ಗುಮಾಸ್ತ ಬರೆದ. ತುಳಜಾರಾಮ ಸುಟ್ಟ ಕೈಯಿಂದಲೇ ಸಹಿ ಹಾಕಿದ. ಓದಿ ಹೇಳಿ ಎಂದು ಅನ್ವರಿ ಪಟ್ಟು ಹಿಡಿದಾಗ ಗುಮಾಸ್ತ ಸಣ್ಣ ದನಿಯಲ್ಲಿ ಓದಿದ: "ಗೇಟಿಗೆ ಹೊರಗಿನಿಂದ ಎರಡು ಕೀಲಿ ಹಾಕಲಾಗಿತ್ತು. ಮೃತ ಅಬ್ದುಲ್ ಕರೀಂ ಒಳಗಿನಿಂದ ಗೇಟು ನೂಕುತ್ತಿದ್ದನು."

"ಇನ್ನೊಮ್ಮೆ ಓದ್ರಿ," ಎಂದಳು ಅನ್ವರಿ. ಬುರ್ಖಾದೊಳಗೆ ಅವಳ ಕೆನ್ನೆ ತೊಯ್ದುಹೋಗಿತ್ತು. "ಹಿಂಗಲ್ಲ, ಜೋರಾಗಿ ಓದ್ರಿ. ಆ ಟಿವಿದಾಂವ ಒದರ್ತಾನಲ್ಲ, ಅಷ್ಟ ಜೋರಾಗಿ."