ಎರವಲು ತಂದ ಮುತ್ತಾತ

ರೌಜಾ ಮಾಯೆವಾಳಿಗೆ ತನ್ನ ದೇಶದ ಯಾವ ದಿಕ್ಕಿನ ಜನರೂ ಹಿಡಿಸುತ್ತಿರಲಿಲ್ಲ. ದಕ್ಷಿಣದ ಶಿಮ್ಕೆಂತ್ ಕಡೆಯವರು ಸಂತೆಯಲ್ಲೇ ಹುಟ್ಟಿ ಸಂತೆಯಲ್ಲೇ ಸಾಯುವವರು, ಸೊಸೆಯಂದಿರನ್ನು ಕಂಡಕಂಡವರ ಮುಂದೆ ಬಗ್ಗಿಸಿ ಬೆನ್ನು ಮುರಿಯುವವರು. ಪಶ್ಚಿಮದ ಎಣ್ಣೆ ಬಾವಿಗಳವರಿಗೆ ದುಡ್ಡು ಬಂತೇ ಹೊರತು ಮಾತು ಬರಲಿಲ್ಲ, ಮಾತಿಗೆ ಮೊದಲೇ ಕೈ ಎತ್ತುತ್ತಾರೆ. ಇನ್ನು ದೇಶ ಸ್ವತಂತ್ರವಾದ ಮೇಲೆ ಮಂಗೋಲಿಯಾದಿಂದ ಲಾರಿಗಳಲ್ಲಿ ಕುರಿ, ಕಂಬಳಿ, ಅಜ್ಜಿಯರ ಸಮೇತ ಮರಳಿ ಬಂದಿಳಿದ ಕಜಕರನ್ನು ಆಕೆ ಲೆಕ್ಕಕ್ಕೇ ಹಿಡಿದಿರಲಿಲ್ಲ. ಕಜಕರಲ್ಲಿ ಮನುಷ್ಯರಂತೆ ಇರುವವರು ಉತ್ತರದವರು ಮಾತ್ರ. ಅವರಲ್ಲೂ ಪೆತ್ರೊಪಾವ್ಲ್ ಪಟ್ಟಣದವರು, ಅಲ್ಲಿಯೂ ತನ್ನ ಬೀದಿಯ ಒಂದೆರಡು ಮನೆ.

ಆಕೆ ಶಾಲೆಗಳ ತಪಾಸಣೆ ಮಾಡಿ ನಿವೃತ್ತಳಾದವಳು. ಸೋವಿಯತ್ ಕಾಲದಲ್ಲಿ, ಶಾಲೆಯ ಪಡಸಾಲೆಯಲ್ಲಿ ಕಜಕ್ ಮಾತಾಡಿ ಸಿಕ್ಕಿಬಿದ್ದ ಮೇಷ್ಟ್ರುಗಳಿಗೆ 'ಇದೇನು ಕುರಿದೊಡ್ಡಿಯೇ' ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿದ್ದಳು. ಮನೆಯಲ್ಲಿ ನಡೆಯುತ್ತಿದ್ದುದು ರಷ್ಯನ್. ಕಜಕ್ ಬೇಕಾಗುತ್ತಿದ್ದುದು ಸಾವಿನ ಮನೆಯಲ್ಲಿ ನಾಲ್ಕು ಮಾತಾಡಲಿಕ್ಕೆ ಮತ್ತು ಮಾಂಸದಂಗಡಿಯಲ್ಲಿ ಬೈಯಲಿಕ್ಕೆ.

ಈಗ ಗಾಳಿ ತಿರುಗಿತ್ತು. ಏಳು ತಲೆಮಾರಿನ ಅಜ್ಜಂದಿರ ಹೆಸರು ಬಾಯಿಪಾಠ ಬರದವನಿಗೆ ಮದುವೆ ಮನೆಯಲ್ಲಿ ಒಳ್ಳೆಯ ಕುರ್ಚಿಯೂ ಸಿಗದ ಕಾಲ. ನಿನ್ನೆಯವರೆಗೆ ಕೆಂಪು ಬಾವುಟ ಹಿಡಿದು ಮೆರವಣಿಗೆ ಹೋಗುತ್ತಿದ್ದವರ ಮನೆಗಳಲ್ಲೆಲ್ಲ ಕುದುರೆ ಏರಿ ಈಟಿ ಹಿಡಿದ ಮುತ್ತಾತಂದಿರು ಮೊಳೆತುಬಿಟ್ಟರು. ಎದುರು ಮನೆಯ ಔಷಧಿ ಅಂಗಡಿಯವಳಿಗೂ ಒಬ್ಬ ವೀರ ಸಿಕ್ಕಿದ. ಅದನ್ನು ರೌಜಾ ಸಹಿಸದಾದಳು.

ಆಕೆಯ ಗಂಡ ಸಪಾರ್ ರೈಲ್ವೆ ಡಿಪೋದಲ್ಲಿ ಎಂಜಿನ್ ರಿಪೇರಿ ಮಾಡಿಕೊಂಡಿದ್ದವನು. ಅವನ ಹಿಂದೆ ಅಪ್ಪನೊಬ್ಬನನ್ನು ಬಿಟ್ಟರೆ ಯಾರೂ ಇರಲಿಲ್ಲ.

"ನಮ್ಮಪ್ಪ ಸಿಕ್ಕಿದ್ದು ಸ್ಟೇಷನ್ನಲ್ಲಿ, ಬರಗಾಲದ ವರ್ಷ, ಮೇ ತಿಂಗಳಲ್ಲಿ. ತಿಂಗಳ ಹೆಸರನ್ನೇ ಹಿಡಿದು ಅನಾಥಾಲಯದವರು ಮಾಯೆವ್ ಅಂತ ಬರ್ಕೊಂಡ್ರು," ಎಂದ ಸಪಾರ್. "ಜೂನ್‌ನಲ್ಲಿ ಸಿಕ್ಕಿದ್ರೆ ನೀನೀಗ ಜೂನೆವಾ ಆಗಿರ್ತಿದ್ದೆ. ಅದಕ್ಕಿಂತ ಹಿಂದಿನದು ನಂಗೇನೂ ಗೊತ್ತಿಲ್ಲ."

"ಬಾಯ್ಮುಚ್ಚು. ಸ್ಟೇಷನ್ನಲ್ಲಿ ಸಿಕ್ಕಿದ್ದು ಅಂತ ಊರೆಲ್ಲ ಸಾರಬೇಡ. ಮರೆತುಹೋದ ಛತ್ರಿ ಅಂದ್ಕೊಂಡಾರು," ಎಂದಳು ರೌಜಾ. ಅಮಾಂತಾಯ್‌ನನ್ನು ಮನೆಗೆ ಕರೆಸಿದಳು.

ಅಮಾಂತಾಯ್ ಹಿಂದೆ ಕಾಲೇಜಿನಲ್ಲಿ ದೇವರಿಲ್ಲ ಎಂದು ಪಾಠ ಹೇಳುತ್ತಿದ್ದವನು. ಈಗ ದೇವರಿಂದ ಹಿಡಿದು ಗಿರಾಕಿಯ ಮನೆ ಬಾಗಿಲವರೆಗೆ ವಂಶಾವಳಿ ಎಳೆದುಕೊಡುತ್ತಿದ್ದ. ಚಳಿಗಾಲಕ್ಕೆಂದು ಕೊಯ್ದ ಕುದುರೆಯ ಮಾಂಸದಲ್ಲಿ ಒಳ್ಳೊಳ್ಳೆಯ ತುಂಡುಗಳನ್ನು ಚೀಲಕ್ಕೆ ತುಂಬಿಸಿಕೊಂಡು, ತುಟಿ ಒರೆಸಿಕೊಂಡು, ಸಪಾರ್‌ನ ಮುಖವನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿ, "ಈ ಮೂಗು ಕೆರೆಯ್ ಕುಲದ್ದೇ. ಕಾರ್ಶಿಗಾ ಬಾತಿರ್‌ನ ಮೂಗು," ಎಂದ. ಬಾತಿರ್ ಎಂದರೆ ವೀರ. ವೀರನಿಂದ ಸಪಾರ್‌ನ ಅಪ್ಪನವರೆಗೆ ನಡುವಿನ ಹೆಸರುಗಳನ್ನು ಅಲ್ಲೇ ಕೂತು ಚಹಾ ಆರುವುದರೊಳಗೆ ಹೊಂದಿಸಿಕೊಟ್ಟ. ಸಪಾರ್ ಅವನ್ನು ಶಾಲೆಯ ಹುಡುಗನ ಹಾಗೆ ಉರು ಹೊಡೆಯಬೇಕಾಯಿತು. ತಪ್ಪಿದರೆ ರೌಜಾ ಚಮಚದಿಂದ ಮೇಜು ಕುಟ್ಟುತ್ತಿದ್ದಳು.

ಹೀಗೆ ಮನೆಗೊಬ್ಬ ವೀರ ಬಂದು ನೆಲೆಯಾದ ವರ್ಷವೇ ಮಗ ತೈರ್ ಬಂದು, ಆಸ್ಪತ್ರೆಯಲ್ಲಿ ತನ್ನ ಜೊತೆ ಕೆಲಸ ಮಾಡುವ ನರ್ಸ್ ಅಕ್ಬೋತಾಳನ್ನು ಮದುವೆಯಾಗುತ್ತೇನೆ ಎಂದ. ಹುಡುಗಿ ಮಂಗೋಲಿಯಾದಿಂದ ಬಂದವರ ಮನೆಯವಳು. ಅಪ್ಪ ಇಲ್ಲ, ಮನೆಗೆ ಅಜ್ಜ ಕಿನಾಯತ್‌ನೇ ಯಜಮಾನ.

"ಡಾಕ್ಟರ್ ಓದ್ಸಿದ್ದು ಇದಕ್ಕಾ? ಅವರ ಮನೆ ನಾಯಿಗೂ ರಷ್ಯನ್ ಬರಲ್ಲ," ಎಂದಳು ರೌಜಾ.

"ನಾಯಿ ಜೊತೆ ಮದುವೆ ಅಲ್ಲಮ್ಮ," ಎಂದ ತೈರ್.

ಮಗ ಜಗ್ಗಲಿಲ್ಲ. ಹೆಣ್ಣು ಕೇಳಲು ಹೊರಡಲೇಬೇಕಾಯಿತು.

ಊರಾಚೆಯ ಆ ಹಳ್ಳಿ ಮೊದಲು ಸೋವಿಯತ್ ಸರ್ಕಾರ ಗಡಿಪಾರು ಮಾಡಿ ತಂದಿಟ್ಟ ಜರ್ಮನರದ್ದು. ಅವರು ತಮ್ಮ ದೇಶಕ್ಕೆ ಹೊರಟುಹೋದ ಮೇಲೆ ಖಾಲಿ ಬಿದ್ದ ಮನೆಗಳನ್ನು ಮಂಗೋಲಿಯಾದವರಿಗೆ ಕೊಟ್ಟಿದ್ದರು. ಜರ್ಮನರು ಗುಲಾಬಿ ಬೆಳೆಸಿದ್ದ ಜಾಗದಲ್ಲಿ ಈಗ ಸಗಣಿ ಬೆರಣಿಯ ಒಟ್ಟಲು. ಕಿಟಕಿಗೆ ಲೇಸಿನ ಪರದೆ ಇದ್ದ ಕಡೆ ಒಣ ಗಿಣ್ಣಿನ ಉಂಡೆಗಳ ಸರ. ರೌಜಾ ಬಾಗಿಲಲ್ಲೇ ಮೂಗಿಗೆ ಕರವಸ್ತ್ರ ಹಿಡಿದಳು. ಒಳಗೆ ಗೋಡೆ ತುಂಬ ಕಸೂತಿಯ ಕಂಬಳಿಗಳು. ಒಂದೊಂದಕ್ಕೂ ಒಬ್ಬೊಬ್ಬಳು ಕಣ್ಣು ಕಳೆದುಕೊಂಡಿರಬೇಕು, ಬೇರೆ ಕೆಲಸವಿಲ್ಲದವರು ಎಂದುಕೊಂಡಳು.

ಆ ಕಡೆಯವರೂ ಸುಮ್ಮನಿರಲಿಲ್ಲ. ರೌಜಾ ಗಂಟಲು ಸರಿಮಾಡಿಕೊಂಡು, ನಿಮ್ಮ ಹುಡುಗಿಯ ಕಿವಿಗೆ ಓಲೆ ಇಡಲು ಬಂದಿದ್ದೇವೆ ಎಂದು ಕಜಕ್‌ನಲ್ಲಿ ಹೇಳಹೊರಟು, ಪದ ತಪ್ಪಿ, ಕಿವಿ ಹಿಂಡಲು ಬಂದಿದ್ದೇವೆ ಎಂದುಬಿಟ್ಟಳು.

"ಹಿಂಡೋದು ಮದುವೆ ಆದ್ಮೇಲೆ ಇದ್ದೇ ಇದೆ ಬಿಡಿ ಬೀಗಿತ್ತಿ. ಇವತ್ತು ಓಲೆ ಇಡಿ ಸಾಕು," ಎಂದಳು ಹುಡುಗಿಯ ಚಿಕ್ಕಮ್ಮ. ಹೆಂಗಸರು ತಲೆವಸ್ತ್ರದ ತುದಿಗೆ ಬಾಯಿ ಒತ್ತಿಕೊಂಡು ನಕ್ಕರು. "ಪಾಪ, ಅರೆಬೆಂದ ಕಜಕರು," ಎಂದು ಯಾರೋ ಕೇಳಿಸುವಷ್ಟೇ ಮೆಲ್ಲಗೆ ಅಂದರು.

ರೌಜಾಳ ಕಿವಿ ಬಿಸಿಯಾಯಿತು. ತೋರಿಸುತ್ತೇನೆ ಇವರಿಗೆ ಎಂದುಕೊಂಡಳು. ಅಷ್ಟರಲ್ಲಿ ಕಿನಾಯತ್ ತಾನಾಗಿ ದಾರಿ ಮಾಡಿಕೊಟ್ಟ. ಬೋಳು ತಲೆ, ಗಾಳಿಗೆ ಸುಟ್ಟ ಮುಖ, ಎದೆಯ ಮೇಲೆ ಇಳಿದ ತೆಳ್ಳನೆಯ ಬಿಳಿ ಗಡ್ಡ. ಕುರಿಯ ಈಲಿಯನ್ನೂ ಬಾಲದ ಕೊಬ್ಬನ್ನೂ ಎರಡು ಕಡೆಯವರೂ ಹಂಚಿಕೊಂಡು ತಿಂದರೆ ಮಾತು ಗಟ್ಟಿಯಾದಂತೆ. ತಟ್ಟೆ ಬರುವ ಮೊದಲು ಅವನು ಸಪಾರ್‌ನ ಕಡೆ ತಿರುಗಿ, "ಬೀಗರೇ, ನಿಮ್ಮ ಏಳು ಅಜ್ಜಂದಿರನ್ನ ಒಂದ್ಸಲ ಕೇಳಿಸ್ಬಿಡಿ. ರಕ್ತ ಒಂದೇ ಆಗಿದ್ರೆ ಕಷ್ಟ," ಎಂದ.

ಸಪಾರ್ ಹೆಂಡತಿಯ ಮುಖ ನೋಡಿದ. ಅವಳು ಮೊಣಕೈಯಿಂದ ತಿವಿದಳು. ಅವನು ನೆಲ ನೋಡುತ್ತ ಶುರುಮಾಡಿದ. ಅಪ್ಪನಿಂದ ಮೇಲಕ್ಕೆ ಒಂದೊಂದೇ ಹೆಸರು ಏರಿ, "ಬೈಗಾರಾ. ಅವನಪ್ಪ ಕಾರ್ಶಿಗಾ ಬಾತಿರ್," ಎಂದಾಗ ಕಿನಾಯತ್ ಕೈ ಎತ್ತಿ ತಡೆದ.

"ಯಾವ ಕಾರ್ಶಿಗಾ?"

"ಕೆರೆಯ್ ಕುಲದವನು," ಎಂದಳು ರೌಜಾ, ತಲೆ ಎತ್ತಿ. "ನೀವು ಕೇಳಿರ್ಬಹುದು."

ಮುದುಕ ಕಷ್ಟಪಟ್ಟು ಎದ್ದ. ಬಂದು ಸಪಾರ್‌ನ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದ. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ಕಾರ್ಶಿಗಾ ನಮ್ಮಜ್ಜನ ಅಜ್ಜ ಕಣಪ್ಪ. ಅವನ ಮಕ್ಕಳು ಅಲ್ತಾಯ್ ಬೆಟ್ಟ ದಾಟಿ ಹೋದಾಗ ಒಬ್ಬ ಮಾತ್ರ ಈ ಕಡೆ ಉಳ್ಕೊಂಡ. ಅವನ ವಂಶ ನಿಂತ್ಹೋಯ್ತು ಅಂದ್ಕೊಂಡಿದ್ವಿ. ಹೆಸರೇ ಮರೆತಿತ್ತು. ಬೈಗಾರಾ. ಹೌದು, ಬೈಗಾರಾನೇ." ಎರಡೂ ಕೆನ್ನೆಗೆ ಮುತ್ತಿಟ್ಟು ಅವನನ್ನು ಎದೆಗೆ ಒತ್ತಿಕೊಂಡ. ಹೆಂಗಸರು ಅಳತೊಡಗಿದರು. ನಕ್ಕಿದ್ದ ಚಿಕ್ಕಮ್ಮ ಎಲ್ಲರಿಗಿಂತ ಜೋರಾಗಿ ಅತ್ತಳು.

ಮುದುಕ ಬೆರಳು ಮಡಚಿ ಎಣಿಸಿದ್ದು ಆಮೇಲೆ. ಅಕ್ಬೋತಾಳಿಗೆ ಕಾರ್ಶಿಗಾ ಆರನೇ ತಲೆ. ತೈರ್‌ಗೂ ಆರನೇ ತಲೆ. ಏಳರೊಳಗೆ ಬಂದವರು ಅಣ್ಣ ತಂಗಿಯರೇ. "ಈ ಮದುವೆ ಆಗಲ್ಲ," ಎಂದ. "ಆದ್ರೆ ನೀವು ಬೀಗರಲ್ಲ, ಮನೆಯವರೇ ಆಗ್ಬಿಟ್ರಿ."

ಬಾಗಿಲ ಬಳಿ ನಿಂತಿದ್ದ ಅಕ್ಬೋತಾಳ ಕೈಯಲ್ಲಿದ್ದ ಬಟ್ಟಲಿನ ಚಹಾ ಚೆಲ್ಲಿತು. ಅವಳು ಅದನ್ನು ನೋಡಲೂ ಇಲ್ಲ. ತೈರ್ ತಾಯಿಯ ಕಡೆ ತಿರುಗಿದ. "ಅಮ್ಮ, ಹೇಳು."

ರೌಜಾಳ ತಲೆ ಆಗ ಬಹಳ ಚುರುಕಾಗಿ ಓಡುತ್ತಿತ್ತು. ಬೆರಣಿ ತಟ್ಟುವವರ ಮನೆಯ ಹುಡುಗಿ ತಾನಾಗಿ ತಪ್ಪಿದಳು. ಮಗನ ಮುಂದೆ ತಾನು ಕೆಟ್ಟವಳಾಗುವ ಪ್ರಮೇಯವೂ ಇಲ್ಲ. ಮೇಲಾಗಿ ಅಮಾಂತಾಯ್ ಕಟ್ಟಿಕೊಟ್ಟ ವೀರನಿಗೆ ಇದೋ, ಗಡ್ಡದ ಸಾಕ್ಷಿಯೇ ಸಿಕ್ಕಿತು. ಔಷಧಿ ಅಂಗಡಿಯವಳಿಗೆ ಇಂಥ ಸಾಕ್ಷಿ ಎಲ್ಲಿಂದ ಬರಬೇಕು?

"ನಾನೇನು ಹೇಳ್ಲಿ ಮಗನೇ," ಎಂದು ನಿಟ್ಟುಸಿರುಬಿಟ್ಟಳು. "ರಕ್ತಕ್ಕೆ ಎದುರು ಹೋಗೋಕಾಗುತ್ತಾ?"

ತೈರ್ ಅವಳನ್ನು ನೋಡಿದ. ಆಕೆ ತಪಾಸಣೆಯ ದಿನಗಳಲ್ಲಿ ಕೆಟ್ಟ ಮೇಷ್ಟ್ರುಗಳನ್ನು ನೋಡುತ್ತಿದ್ದ ನೋಟವೇ ಅದು. ಆಕೆಯ ಕಡೆಗೆ ಅದು ತಿರುಗಿದ್ದು ಇದೇ ಮೊದಲು.

ಆಗ ಸಪಾರ್ ಮುದುಕನ ಕೈಯನ್ನು ಹೆಗಲಿಂದ ಮೆಲ್ಲಗೆ ಇಳಿಸಿದ. "ಯಜಮಾನರೇ, ಆ ಹೆಸರುಗಳು ನನ್ನವಲ್ಲ. ಊರಲ್ಲಿ ಅಮಾಂತಾಯ್ ಅಂತ ಒಬ್ಬ ಇದಾನೆ, ನಮ್ಮನೆ ಕುದುರೆ ಮಾಂಸ ತಗೊಂಡು ಕಟ್ಟಿಕೊಟ್ಟಿದ್ದು. ನಮ್ಮಪ್ಪ ಅನಾಥಾಲಯದಲ್ಲಿ ಬೆಳೆದೋರು. ಅವರಪ್ಪನ ಹೆಸರು ಅವರಿಗೇ ಗೊತ್ತಿರ್ಲಿಲ್ಲ."

ಅಳು ನಿಂತಿತು. ಕಿನಾಯತ್ ತೋಳಿನಿಂದ ತನ್ನ ತುಟಿ ಒರೆಸಿಕೊಂಡ. ಹೋಗಿ ತನ್ನ ಜಾಗದಲ್ಲಿ ಕೂತು, ರೌಜಾಳನ್ನು ಮಾತ್ರ ನೋಡಿ ಮಾತಾಡಿದ.

"ಕುದುರೆ ಕದ್ದೋರನ್ನ ನೋಡಿದೀನಿ, ಕುರಿ ಕದ್ದೋರನ್ನ ನೋಡಿದೀನಿ. ಸತ್ತೋರನ್ನ ಕದ್ದು, ಮೈಮೇಲೆ ಹೊದ್ಕೊಂಡು, ಅವರ ಮನೆ ಬಾಗಿಲಿಗೇ ಬಂದೋಳನ್ನ ಇವತ್ತೇ ನೋಡಿದ್ದು. ಇದಕ್ಕಿಂತ ಬರಿಮೈಯಲ್ಲಿ ಬಂದಿದ್ರೆ ಮರ್ಯಾದೆ ಇರ್ತಿತ್ತು."

ಬೇರೆ ಯಾರಾದರೂ ಆಗಿದ್ದರೆ ನೆಲಕ್ಕಿಳಿದು ಹೋಗುತ್ತಿದ್ದರು. ರೌಜಾ ಕರವಸ್ತ್ರ ಮಡಚಿ ಚೀಲಕ್ಕೆ ಹಾಕಿದಳು.

"ಬೈಗಾರಾ ಅನ್ನೋ ಹೆಸರು ಅಮಾಂತಾಯ್ ಚಹಾ ಕುಡೀತಾ ಹುಟ್ಟಿಸಿದ್ದು. ನೀವು ಹೌದು ಹೌದು, ಬೈಗಾರಾನೇ ಅಂದ್ರಿ. ನಾನು ಕದ್ದೆ ಸರಿ, ಕದ್ದ ಮಾಲಿಗೆ ಸಾಕ್ಷಿ ಹೇಳಿದ್ದು ಯಾರು?"

ಮೂಲೆಯಲ್ಲಿ ಯಾರಿಗೋ ನಗು ತಡೆಯದೆ ಕೆಮ್ಮಿದರು. ಮುದುಕ ಗಡ್ಡ ಎಳೆದುಕೊಂಡ. ಅಲ್ಲಿಗೆ ನಿಲ್ಲಿಸಿದ್ದರೆ ಆಕೆ ಗೆದ್ದಂತಿರುತ್ತಿತ್ತು. ಆದರೆ ಮಾತು ತಾನೇ ಮುಂದಕ್ಕೆ ಹೋಯಿತು, ಆಕೆ ಯೋಚಿಸಿದ್ದೂ ಅಲ್ಲ, ಎಂದೂ ಆಡಿದ್ದೂ ಅಲ್ಲ.

"ನಿಮ್ಮೋರು ಬೆಟ್ಟ ದಾಟಿದ್ರಿ, ಅಜ್ಜಂದಿರನ್ನೂ ಕುರಿಗಳನ್ನೂ ಉಳಿಸ್ಕೊಂಡ್ರಿ. ಇಲ್ಲಿದ್ದೋರ ಕುರಿ ಕುದುರೆಯೆಲ್ಲ ಸರ್ಕಾರ ಕಿತ್ಕೊಂಡ್ತು, ಆ ಬರಗಾಲದಲ್ಲಿ ಹಸಿದು ಸತ್ರು. ಕೂತ್ಕೊಂಡು ಏಳು ಹೆಸರು ಹೇಳ್ಕೊಡೋಕೆ ಇಲ್ಲಿ ಯಾವ ಮುದುಕ ಉಳಿದಿದ್ದ? ಈಗ ಬಂದು ನಮ್ಮನ್ನ ಅರೆಬೆಂದೋರು ಅಂತೀರಿ."

ಕಿನಾಯತ್ ಅವಳನ್ನು ಬಿಟ್ಟು ಸಪಾರ್‌ನನ್ನು ಕೇಳಿದ: "ನಿಮ್ಮಪ್ಪನಿಗೆ ಏನೂ ನೆನಪಿರ್ಲಿಲ್ವಾ?"

"ಒಂದೇ ಇತ್ತು," ಎಂದ ಸಪಾರ್. "ಹುಲ್ಲುಗಾವಲಲ್ಲಿ ನಡೀತಾ ಇದ್ರಂತೆ. ಒಂಟೆ ಕುಸಿದು ಕೂತ್ಬಿಡ್ತಂತೆ, ಏಳ್ಲಿಲ್ಲ. ಅವರಮ್ಮ ಕೈಗೂಸನ್ನ ಎತ್ಕೊಂಡು, ಇವರನ್ನ ಒಂಟೆ ಪಕ್ಕ ಕೂರಿಸಿ, ಇಲ್ಲೇ ಇರು, ಬರ್ತೀನಿ ಅಂದು ಹೋದ್ಲಂತೆ. ಒಂಟೆ ಮೈ ತಣ್ಣಗಾಗೋವರೆಗೂ ಒರಗಿಕೊಂಡಿದ್ರಂತೆ. ಆಮೇಲೆ ರೈಲ್ವೆ ಹಳಿಯೋರು ಎತ್ಕೊಂಡು ಸ್ಟೇಷನ್ನಿಗೆ ತಂದ್ರು."

ರೌಜಾ ಗಂಡನ ಕಡೆ ತಿರುಗಿದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಈ ಮಾತನ್ನು ಅವಳು ಕೇಳಿರಲಿಲ್ಲ. ಕೇಳಬೇಕೆಂದು ಅನ್ನಿಸಿಯೂ ಇರಲಿಲ್ಲ. ಮಾವ ಇದ್ದಾಗ ಟಿವಿಯಲ್ಲಿ ಒಂಟೆ ಕಂಡರೆ ಸಾಕು, ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದ. ಆ ಮನುಷ್ಯನಿಗೆ ಒಳ್ಳೆಯ ಕಾರ್ಯಕ್ರಮ ನೋಡುವ ಸಂಸ್ಕಾರವಿಲ್ಲ ಎಂದು ಅವಳು ನೆರೆಯವರಿಗೆ ಹೇಳಿ ನಕ್ಕಿದ್ದುಂಟು.

ಕಿನಾಯತ್ ಈಲಿಯ ತಟ್ಟೆ ತರಲು ಹೇಳಿದ. ಮೊದಲ ತುಂಡನ್ನು ತನ್ನ ಕೈಯಿಂದ ಸಪಾರ್‌ನ ಬಾಯಿಗಿಟ್ಟ. "ಹುಡುಗಿ ಕೊಡ್ತೀನಿ," ಎಂದ. "ಆದ್ರೆ ಮದುವೆ ದಿನ ಈ ಒಂಟೆ ಮಾತನ್ನ ಎಲ್ಲರ ಮುಂದೆ ಹೇಳ್ಬೇಕು. ಆ ಬೈಗಾರಾನ ಹೆಸರು ಎತ್ತಿದ್ರೆ ನಾನೇ ಎದ್ದು ಹೋಗ್ತೀನಿ." ಆಮೇಲೆ ರೌಜಾಳ ಕಡೆ ನೋಡದೆಯೇ, "ಆಕೆಗೂ ಒಂದು ತುಂಡು ಕೊಡಿ. ನಾಲಿಗೆಗೆ ಒಂದಿಷ್ಟು ಕೆಲಸ ಸಿಗ್ಲಿ," ಎಂದ.

ಮದುವೆ ಊರಿನ ದೊಡ್ಡ ಸಭಾಂಗಣದಲ್ಲಿ ಆಯಿತು. ವೀರರ ಮೊಮ್ಮಕ್ಕಳೆಲ್ಲ ಬಂದಿದ್ದರು. ಸಪಾರ್ ಎದ್ದು ನಿಂತು, ಅಲಂಕಾರವಿಲ್ಲದ ನಾಲ್ಕು ಮಾತಿನಲ್ಲಿ ಅಪ್ಪನ ವಿಷಯ ಹೇಳಿ ಕೂತ. ತುಂಬ ಜನ ತಟ್ಟೆಯನ್ನೇ ನೋಡುತ್ತಿದ್ದರು, ತಮ್ಮ ಮನೆಯಲ್ಲೂ ಇಂಥ ಅಪ್ಪನೊಬ್ಬ ಇದ್ದ ಹಾಗೆ. ಔಷಧಿ ಅಂಗಡಿಯವಳು ಮಾತ್ರ ಗಂಡನ ಕಿವಿಯಲ್ಲಿ ಏನೋ ಹೇಳಿದಳು. ರೌಜಾ ಅವಳ ಕಡೆ ಎಂಥ ನೋಟ ಬೀರಿದಳೆಂದರೆ ಮಾತು ಅರ್ಧಕ್ಕೇ ನಿಂತಿತು. ಕುದುರೆ ಮಾಂಸದ ತಟ್ಟೆಯ ಪಕ್ಕದಲ್ಲೇ ಜಾಗ ಹಿಡಿದಿದ್ದ ಅಮಾಂತಾಯ್ ಹೊರಡುವಾಗ ಬಂದು ಪಿಸುಗುಟ್ಟಿದ: "ಬೇಜಾರಾಗ್ಬೇಡಿ ಮೇಡಂ. ಬೇರೆ ಕುಲದಲ್ಲಿ ಒಬ್ಬ ಬಾತಿರ್ ಇದಾನೆ, ಮಂಗೋಲಿಯಾ ಕಡೆ ಸಂತಾನವೇ ಇಲ್ಲ."

"ಅವನನ್ನ ನೀನೇ ಇಟ್ಕೋ," ಎಂದಳು ರೌಜಾ. "ನಿನ್ನ ಅಪ್ಪ ಯಾರು ಅಂತ ಯಾರಾದ್ರೂ ಕೇಳಿದಾಗ ಬೇಕಾಗುತ್ತೆ."

ಮನೆಗೆ ಹೋಗುವಾಗ ಕಾರಿನಲ್ಲಿ ಗಂಡಹೆಂಡಿರಿಬ್ಬರೇ. ಎರಡೂ ಕಡೆ ಹಿಮ ಬಿದ್ದ ಬಯಲು. ಆಕೆ ಹುಡುಗಿಯ ಕಡೆಯವರ ಹಾಡು, ಕೂಗಾಟ, ಅವರು ತಂದ ಉಡುಗೊರೆ ಕಂಬಳಿಗಳ ಬಣ್ಣ ಎಲ್ಲವನ್ನೂ ಬೈದು ಮುಗಿಸಿದಳು. ಆಮೇಲೆ ಕೇಳಿದಳು:

"ಆ ಕೈಗೂಸು ಹೆಣ್ಣೋ, ಗಂಡೋ?"

"ಅಪ್ಪ ಹೇಳ್ಲಿಲ್ಲ."

"ನೀನೂ ಕೇಳ್ಲಿಲ್ವಾ?"

"ಕೇಳ್ಲಿಲ್ಲ."

"ಎಂಥ ಮಗನಪ್ಪ ನೀನು," ಎಂದಳು ರೌಜಾ ತಿರಸ್ಕಾರದಿಂದ. ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ಮನೆ ಬರುವವರೆಗೂ ಆ ಬಯಲನ್ನೇ ನೋಡುತ್ತಿದ್ದಳು.