ಕಟೆಗೊರ್ ಮಟಾಥಿಯಾಸ್

ಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಮುಂದಿನವರು ಇಳಿಸಿ ಎನ್ನುತ್ತಿದ್ದರು, ಹಿಂದಿನವರು ಎತ್ತಿ ಎನ್ನುತ್ತಿದ್ದರು. ಒಳಗಿದ್ದವನು ಬದುಕಿದ್ದಾಗಲೂ ಗ್ರೀಸಿನ ಈ ಬಂದರೂರಿನ ಯಾವ ಸಂದಿಯಲ್ಲೂ ಸಲೀಸಾಗಿ ಹಾದುಹೋದವನಲ್ಲ. ಮುಂದಿನ ಮೂಲೆಗೆ ಹೆಗಲು ಕೊಟ್ಟಿದ್ದ ಸಾಮಿಕೋಸ್ ಊರಿನ ಯಹೂದಿ ಸಮಾಜದ ಅಧ್ಯಕ್ಷ, ಬಟ್ಟೆ ವ್ಯಾಪಾರಿ. ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟು ಬೆವರುತ್ತಿದ್ದ. ಪಕ್ಕದ ಮೂಲೆ ಹಿಡಿದಿದ್ದ ಮೇಯರ್ ಲಾಂಬ್ರೋಸ್ ಇದೇ ಸಮಯವೆಂದು ಅವನ ಕಿವಿಯ ಕಡೆ ಬಾಗಿದ.

"ಅಂದಹಾಗೆ, ಆ ಕಲ್ಲಿನ ತಕರಾರು ಇವತ್ತಿಗೆ ಮಣ್ಣಾಯ್ತು ಅನ್ಕೋಬಹುದಲ್ಲ?"

"ಹೆಣ ಹೊತ್ಕೊಂಡಿದ್ದೀವಿ ಮಾರಾಯ."

"ಅದಕ್ಕೇ ಮೆತ್ತಗೆ ಕೇಳಿದ್ದು."

ಮಣ್ಣು ಮಾಡಿ ಬಂದವರಿಗೆ ಕಾಫಿ, ಬ್ರಾಂಡಿ, ರಸ್ಕು ಕೊಡುವುದು ಊರಿನ ರೂಢಿ. ಅದನ್ನೆಲ್ಲ ಬಂದರು ಕಟ್ಟೆಯ ಪುರಸಭೆ ಹೋಟೆಲಿನಲ್ಲಿ ಹೇಳಿಟ್ಟಿದ್ದೇನೆ, ನಿಮ್ಮ ಸಮಾಜಕ್ಕೆ ಖರ್ಚಿಲ್ಲ ಎಂದೂ ಲಾಂಬ್ರೋಸ್ ತಿಳಿಸಿದ. ಸಾಮಿಕೋಸನ ಮುಖ ಸಣ್ಣಗಾಯಿತು. ಊರಿನಲ್ಲಿ ಬೇರೆ ಹೋಟೆಲುಗಳಿದ್ದವು.

ಮೇಲಿನಿಂದ ಸತ್ತವನ ಅಕ್ಕ ಅಸ್ತೆರೊ, ಕೋಲೂರಿ ನಿಂತುಕೊಂಡೇ ಹೇಳಿದಳು: "ಪಕ್ಕಕ್ಕೆ ವಾಲಿಸ್ರೋ. ಬೀಳಿಸಿದ್ರು ಅಂತ ಅವನೇನೂ ಕೇಸ್ ಹಾಕಲ್ಲ ಈಗ."

ವಾಲಿಸಿದರು. ಪೆಟ್ಟಿಗೆ ಇಳಿಯಿತು.

*

ಪೆಟ್ಟಿಗೆಯೊಳಗಿದ್ದ ಮಟಾಥಿಯಾಸ್ ಗಾನಿಸ್ ಕೆಲಸದಲ್ಲಿದ್ದಷ್ಟು ಕಾಲವೂ ಪಬ್ಲಿಕ್ ಪ್ರಾಸಿಕ್ಯೂಟರ್. ಎರಡನೇ ಮಹಾಯುದ್ಧ ಮುಗಿದು, ಜರ್ಮನರಿಗೆ ಹೆದರಿ ಬೆಟ್ಟದ ಹಳ್ಳಿಗಳಲ್ಲಿ ಅಡಗಿದ್ದ ಯಹೂದಿಗಳು ಇಳಿದು ಬಂದಾಗ, ಅವರ ಸ್ಮಶಾನದ ಅರ್ಧಕ್ಕರ್ಧ ಗೋರಿಕಲ್ಲುಗಳು ಊರೊಳಗೆ ಸೇರಿಹೋಗಿದ್ದವು. ಕದ್ದವರು ಜರ್ಮನರು ಎಂದು ಊರು ಹೇಳುತ್ತಿತ್ತು. ಜರ್ಮನರು ಇಲ್ಲಿ ಬೇಕರಿ ಇಟ್ಟಿರಲಿಲ್ಲ ಎಂದು ಅವನು ಹೇಳುತ್ತಿದ್ದ. ಬೇಕರಿಯ ಒಲೆಯ ಹಾಸು, ಕಟುಕನ ಕಟ್ಟೆ, ನಿವೃತ್ತ ನ್ಯಾಯಾಧೀಶರೊಬ್ಬರ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು, ಎಲ್ಲದಕ್ಕೂ ಸಮನ್ಸ್ ಹೋಯಿತು. ನಡುವೆ ಎರಡು ಸಲ ಅವನನ್ನು ದೂರದ ದ್ವೀಪಗಳಿಗೆ ವರ್ಗ ಮಾಡಿದರು. ಎರಡು ಸಲವೂ ಮೊದಲಿಗಿಂತ ತೀಕ್ಷ್ಣ ಕಣ್ಣಿನೊಂದಿಗೆ ವಾಪಸಾದ.

ಯಾರ ಮನೆಗೆ ಹೋದರೂ ಮುಖ ನೋಡುವ ಮೊದಲು ನೆಲ ನೋಡುವ ಚಾಳಿ ಅವನಿಗೆ ಅಂಟಿತು. ಮದುವೆಗೆ ಕರೆದವರು ಅಂಗಳಕ್ಕೆ ಜಮಖಾನ ಹಾಸುತ್ತಿದ್ದರು. ಹೆಣ್ಣು ನೋಡಲು ಹೋದಲ್ಲಿ ಹಿತ್ತಲಿನ ಕಲ್ಲುಬೆಂಚನ್ನು ಮಗುಚಿ ನೋಡಿದನಂತೆ. ಸಂಬಂಧ ಅಲ್ಲಿಗೇ ನಿಂತಿತು, ಬೆಂಚು ಮಾತ್ರ ಸ್ಮಶಾನಕ್ಕೆ ಬಂತು.

ಸ್ವಂತ ಜನಕ್ಕೂ ಅವನಿಂದ ನೆಮ್ಮದಿಯಿರಲಿಲ್ಲ. ಗಿರಾಕಿಗಳು ಮುನಿಸಿಕೊಂಡರೆ ಅಂಗಡಿ ನಡೆಯುವುದು ಹೇಗೆ? ಹೊಸವರ್ಷದ ಪ್ರಾರ್ಥನೆಯಲ್ಲಿ, ಮೇಲಿನ ನ್ಯಾಯಸ್ಥಾನದಲ್ಲಿ ನಮ್ಮ ಮೇಲೆ ದೂರು ಹೇಳುವವನ ಬಾಯಿ ಮುಚ್ಚಿಸಪ್ಪಾ ಎಂದು ದೇವರನ್ನು ಕೇಳುವ ಸಾಲೊಂದಿದೆ. ಆ ದೂರುದಾರನಿಗೆ ಹಿಂದಿನವರು ಇಟ್ಟ ಹೆಸರು ಕಟೆಗೊರ್. ನಮ್ಮ ಪರವಾಗಿ ವಾದಿಸುವವನು ಸನೆಗೊರ್. ಎರಡೂ ನಮ್ಮ ಗ್ರೀಕಿನಿಂದ ಹೀಬ್ರೂಗೆ ಹೋಗಿ, ಗಡ್ಡ ಬಿಟ್ಟುಕೊಂಡು ವಾಪಸು ಬಂದ ಮಾತುಗಳು. ಆ ಸಾಲು ಬಂದಾಗ ಇಡೀ ಸಿನಗಾಗ್ ಮಟಾಥಿಯಾಸನ ಕಡೆ ತಿರುಗಿ ದನಿ ಏರಿಸುತ್ತಿತ್ತು. ಅವನು ಎದ್ದು, ಕೋರ್ಟಿನಲ್ಲಿ ಬಾಗುವಂತೆ ಬಾಗಿ, ಕೂರುತ್ತಿದ್ದ.

ಕೊನೆಯ ತಕರಾರು ಬಂದರು ಕಟ್ಟೆಯ ಹೋಟೆಲಿನದು. ನಿವೃತ್ತನಾದ ಮೇಲೆ ಒಂದು ಬೆಳಿಗ್ಗೆ ಎಲ್ಲರೂ ನೋಡುತ್ತಿರುವಂತೆಯೇ ಬೋರಲಾಗಿ ಮಲಗಿ, ತುಳಿಯದೆ ದಾಟಲಾಗದಷ್ಟು ಅಗಲದ ಅದರ ಅಮೃತಶಿಲೆಯ ಹೊಸ್ತಿಲಡಿ ಬೆರಳು ತೂರಿಸಿದ. ಹೀಬ್ರೂ ಅಕ್ಷರವಿದೆ ಎಂದ. ಉಳಿಯ ಗುರುತು ಎಂದಿತು ಪುರಸಭೆ. ಎಬ್ಬಿಸಿ ನೋಡದೆ ತೀರ್ಮಾನವಿಲ್ಲ. ಎಬ್ಬಿಸಬೇಕಾದರೆ ಯಹೂದಿ ಸಮಾಜವೇ ಕೇಳಬೇಕು. ಕೇಳುವುದಿಲ್ಲವೆಂದು ಸಾಮಿಕೋಸ್ ಗುಟ್ಟಾಗಿ ಲಾಂಬ್ರೋಸನಿಗೆ ಮಾತು ಕೊಟ್ಟ. ಆ ಚಳಿಗಾಲವೇ ಪುರಸಭೆ, ಕುಸಿದುಬಿದ್ದಿದ್ದ ಸ್ಮಶಾನದ ಗೋಡೆಯನ್ನು ಹೊಸದಾಗಿ ಎತ್ತಿಸಿತು. ಒಂದು ಕಲ್ಲು ಬಿಟ್ಟುಕೊಟ್ಟದ್ದಕ್ಕೆ ಇಡೀ ಗೋಡೆ. ಆಡು ನುಗ್ಗುವುದು ನಿಂತಿತು, ಪುಂಡರು ನುಗ್ಗುವುದೂ ನಿಂತಿತು. ಸಾಮಿಕೋಸ್ ಇದನ್ನು ತಪ್ಪೆಂದು ಎಣಿಸಿರಲಿಲ್ಲ.

"ಗೋಡೆ ಹೇಗೆ ಸಿಕ್ತು?" ಎಂದು ಮಟಾಥಿಯಾಸ್ ಒಂದು ಮಧ್ಯಾಹ್ನ ಪಗಡೆಯಿಂದ ತಲೆ ಎತ್ತದೆ ಕೇಳಿದ.

"ಪುಕ್ಕಟೆ."

"ನಮ್ಮೂರಲ್ಲಿ ಪುಕ್ಕಟೆ ಸಿಗೋದು ಬೈಗುಳ ಒಂದೇ."

ಸಾಮಿಕೋಸ್ ಮಾತು ತಿರುಗಿಸಲು ನೋಡಿದ. "ಅಲ್ಲ, ಆ ಹೋಟೆಲ್ ಕಲ್ಲು ಯಾರ ಗೋರಿದು ಅಂತಲಾದ್ರೂ ಗೊತ್ತಾ ನಿಂಗೆ?"

"ಗೊತ್ತಾಗೋ ಹಾಗಿದ್ರೆ ಅವರ ಮನೆಯವರು ಕೇಳ್ಕೋತಿದ್ರು. ಕೇಳೋರು ಯಾರೂ ಉಳಿದಿಲ್ಲ. ಕೇಳೋರಿಲ್ದೋರಿಗೇ ಅಲ್ವೇನಯ್ಯ, ಸರ್ಕಾರಿ ವಕೀಲ ಅಂತ ಒಬ್ಬನ್ನ ಇಟ್ಟಿರೋದು?"

ಆಮೇಲೆ ದಾಳ ಹಾಕಿದ. ಗೋಡೆಯ ಮಾತು ಮತ್ತೆಂದೂ ಎತ್ತಲಿಲ್ಲ. ಅವನಿಗೆ ತಿಳಿದಿತ್ತೋ ಇಲ್ಲವೋ ಎಂಬುದು ಅಂದಿನಿಂದ ಸಾಮಿಕೋಸನೊಳಗೆ ಹುಳದಂತೆ ಓಡಾಡುತ್ತಿತ್ತು.

*

ಸ್ಮಶಾನದಲ್ಲಿ ಗಾಳಿ ಟೋಪಿಗಳನ್ನು ಹಾರಿಸುತ್ತಿತ್ತು. ಹೊಸ ಗೋಡೆಯ ಸುಣ್ಣ ಕಣ್ಣಿಗೆ ಹೊಡೆಯುತ್ತಿತ್ತು. ಅಥೆನ್ಸಿನಿಂದ ಬಂದ ಎಳೆಯ ರಬ್ಬಿ, ವಾಪಸು ಬಸ್ಸಿನ ಚಿಂತೆಯಲ್ಲಿ, ಪ್ರಾರ್ಥನೆಯನ್ನು ಓಡಿಸಿದ. ಮಣ್ಣು ಹಾಕಿದ ಮೇಲೆ ಸಮಾಜದ ಹಿರಿಯನೊಬ್ಬ ಸತ್ತವನನ್ನು ತಾಯಿಯ ಹೆಸರು ಹಿಡಿದು ಕರೆದು, ಮೇಲೆ ಹೋಗಿ ನಮ್ಮೆಲ್ಲರ ಸನೆಗೊರ್ ಆಗಿ ಮಾತಾಡು ಎಂದು ಬೇಡಿಕೊಳ್ಳುವುದು ನಮ್ಮೂರ ಪದ್ಧತಿ. ಆ ಒಂದೇ ವಾಕ್ಯವನ್ನು ಸಾಮಿಕೋಸ್ ಬೆಳಗಿನಿಂದ ಬಾಯಲ್ಲಿ ಹೊರಳಿಸುತ್ತಿದ್ದ. ಹಿಂದೆ ಯಾರೋ, ಜೀವಮಾನವೆಲ್ಲ ದೂರಿದವನು ಒಂದೇ ದಿನದಲ್ಲಿ ಪಾರ್ಟಿ ಬದಲಾಯಿಸುತ್ತಾನೆಯೇ ಎಂದು ಪಿಸುಗುಟ್ಟಿದರು. ಇನ್ನೊಬ್ಬರು ನಕ್ಕು ಕೆಮ್ಮಿದರು.

"ಮಟಾಥಿಯಾ, ಮಜಲ್ತೋವಳ ಮಗನೇ," ಎಂದ ಸಾಮಿಕೋಸ್. "ಮೇಲೆ ಹೋಗಿ ನಮ್ಮ ಕಟೆಗೊರ್ ಆಗಿ ನಿಂತು ಮಾತಾಡು."

ಯಾರೂ ಕೆಮ್ಮಲಿಲ್ಲ. ರಬ್ಬಿ ಪುಸ್ತಕದಿಂದ ತಲೆ ಎತ್ತಿ, ತಿದ್ದಲು ಬಾಯಿ ತೆರೆದ.

"ಇರಲಿ ಬಿಡಿ," ಎಂದಳು ಅಸ್ತೆರೊ. "ಅವನಿಗೆ ಬರೋದು ಅದೊಂದೇ."

ಸ್ಮಶಾನದ ಬಾಗಿಲಲ್ಲಿ ಎಲ್ಲರೂ ಕೈ ತೊಳೆದು, ಪದ್ಧತಿಯಂತೆ ಒರೆಸಿಕೊಳ್ಳದೆ ಗಾಳಿಗೆ ಹಿಡಿದು ನಡೆದರು. ದುಃಖದ ಮನೆಯವರು ನೇರ ಮನೆಗೆ ಹೋಗಿ ಸೂತಕಕ್ಕೆ ಕೂರಬೇಕು ಎಂದು ರಬ್ಬಿ ನೆನಪಿಸಿದ. ಹೋಗೋ ದಾರಿಯಲ್ಲೇ ಹೋಟೆಲಿದೆ, ಮುದುಕಿ ಒಂದು ಕಾಫಿ ಕುಡಿದು ಹೋದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂದು ಅಸ್ತೆರೊ ಮುಂದೆ ಹೊರಟಳು. ಸಾಮಿಕೋಸನ ಬೆರಳುಗಳು ಒಣಗುವ ಲಕ್ಷಣವೇ ಕಾಣಲಿಲ್ಲ. ಪಕ್ಕದಲ್ಲಿ, ದಿನಕ್ಕೆ ಹಲವು ಸಲ ಹಿಂದುಮುಂದಾಗಿ ಹರಿಯುವ ನಮ್ಮೂರ ಜಲಸಂಧಿಯ ನೀರು ದಿಕ್ಕು ಬದಲಿಸುವ ಹೊತ್ತು. ಅತ್ತ ಹೋಗಲೋ ಇತ್ತ ಹೋಗಲೋ ಎಂದು ನಿಂತಲ್ಲೇ ಸುಳಿಯುತ್ತಿತ್ತು.

*

ಲಾಂಬ್ರೋಸ್ ಮೊದಲೇ ಒಳಗೆ ಹೋಗಿ ಬಾಗಿಲು ಹಿಡಿದು ನಿಂತಿದ್ದ. ಸಾಮಿಕೋಸ್ ಹೊಸ್ತಿಲ ಮುಂದೆ ನಿಂತುಬಿಟ್ಟ. ಹಿಂದಿನವರು ಅವನ ಬೆನ್ನಿಗೆ ತಾಗಿ ಒಬ್ಬೊಬ್ಬರಾಗಿ ನಿಂತರು.

"ಬಾ ಮಾರಾಯ, ಕಾಫಿ ಆರ್ತಿದೆ."

"ಹೊಸ್ತಿಲು ತುಳಿಯಕ್ಕಾಗಲ್ಲ, ಲಾಂಬ್ರೋಸ್."

"ಯಾಕೆ, ನನ್ನ ಮೇಲೇನು ಸಿಟ್ಟು?"

"ಸಿಟ್ಟಲ್ಲ. ಹೊಸ್ತಿಲು ತುಳಿಯಕ್ಕಾಗಲ್ಲ ಅಂದೆ. ಇದನ್ನ ಎಬ್ಬಿಸು. ನಮ್ಮ ಸಮಾಜ ಕೇಳ್ತಿದೆ."

ಮೇಯರ್ ಬಾಗಿಲು ಬಿಟ್ಟು ಹತ್ತಿರ ಬಂದು ದನಿ ತಗ್ಗಿಸಿದ. "ನೀನು ಮಾತು ಕೊಟ್ಟಿದ್ದೆ."

"ಕೊಟ್ಟಿದ್ದೆ," ಎಂದ ಸಾಮಿಕೋಸ್, ದನಿ ತಗ್ಗಿಸದೆ. "ಗೋಡೆಗೋಸ್ಕರ ಕೊಟ್ಟಿದ್ದೆ. ಬೇಕಾದ್ರೆ ಗೋಡೆ ಬಿಚ್ಚಿಸ್ಕೋ."

ಹಿಂದಿನ ಸಾಲಿನಲ್ಲಿ ಮಾತು ಕಿವಿಯಿಂದ ಕಿವಿಗೆ ಹೋಯಿತು: ಯಾವ ಮಾತು, ಎಂಥ ಗೋಡೆ, ಯಾವಾಗ? ಸಾಮಿಕೋಸ್ ಹಿಂದಿರುಗಿ ನೋಡಲಿಲ್ಲ. ಅವನ ಕಿವಿ ಕೆಂಪಾಗಿತ್ತು. ಅಸ್ತೆರೊ ಅವನ ಮುಖವನ್ನು ನೋಡಿ, ಹಡಗು ಕಟ್ಟುವ ಕಬ್ಬಿಣದ ಗೂಟದ ಮೇಲೆ ಕೂತಳು. ಕಾಫಿ ಇಲ್ಲಿಗೇ ತರಲಿ ಎಂದಳು.

ಒಳಗಿನಿಂದ ದಪ್ಪ ಹೊಟ್ಟೆಯ ಹಳೆಯ ಸಪ್ಲೈಯರ್ ಕಪ್ಪುಗಳಿದ್ದ ತಟ್ಟೆ ಎತ್ತಿಕೊಂಡು ಹೊರಟ. ವರ್ಷಗಟ್ಟಲೆ ಕಣ್ಣು ಮುಚ್ಚಿಕೊಂಡೇ ಓಡಾಡಿದ ಬಾಗಿಲು ಅದು. ಹೊಸ್ತಿಲ ಬಳಿ ಬಂದು ಕಾಲು ಎತ್ತಿದ. ಹೊರಗೆ ನಿಂತವರೆಲ್ಲ ಆ ಕಾಲನ್ನೇ ನೋಡುತ್ತಿದ್ದರು. ಅವನೂ ಕೆಳಗೆ ನೋಡಿದ. ಕಾಲು ಗಾಳಿಯಲ್ಲೇ ಉಳಿಯಿತು. ತಟ್ಟೆಯ ಮೇಲೆ ಕಪ್ಪುಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡತೊಡಗಿದವು.