ಏಳು ಕಲ್ಲಿನ ಸಾಲು

ನಂದಿನಿ ಏಳನೆಯ ಕಲ್ಲಿಗೆ ವಿಭೂತಿ ಬಳಿಯುತ್ತಿದ್ದಾಗ ಭೂವಿಜ್ಞಾನಿ ಅಂಜನಾ ಮೇಡಂ ಬಂದು ಅವಳ ಕೈ ಹಿಡಿದರು.

"ಇವುಗಳ ಮೇಲೆ ಬಿಳಿ ಪಟ್ಟಿ ಇದ್ವಲ್ಲಮ್ಮ?"

"ಗಾಯಕ್ಕ ಹಚ್ಚೋ ಪಟ್ಟೀನ್ರೀ? ಹೊಲಸಾಗಿದ್ವು, ಕಿತ್ತು ಒಲಿಗೆ ಹಾಕಿದೆ. ಅಪ್ಪನ ಕಲ್ಲು, ಅಪ್ಪನ ಮುಂದ ಚಂದ ಇರ್ಲಿ ಅಂತ."

ಮೇಡಂ ಕಲ್ಲುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಕುರುಗೋಡಿನ ಆ ಮನೆಯ ಪಡಸಾಲೆಯಲ್ಲಿ ತೀರಿಹೋದ ಅಪ್ಪ ಉಚ್ಚಂಗೆಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಮೂವತ್ತು ವರ್ಷ ಬಳ್ಳಾರಿಯ ಭೂವಿಜ್ಞಾನಿಗಳ ಹಿಂದೆ ಸುತ್ತಿಗೆ, ಚೀಲ ಹೊತ್ತು ಗುಡ್ಡ ಹತ್ತಿದವನು. ಅವನು ಮನೆಯಲ್ಲಿ ಜೋಪಾನ ಮಾಡಿಟ್ಟಿದ್ದ ಏಳೂ ಕಲ್ಲು ಒಂದೇ ಗುಡ್ಡದವು, ಬುಡದಿಂದ ನೆತ್ತಿಯವರೆಗೆ ಒಂದೊಂದು ಮಟ್ಟದಿಂದ ತೆಗೆದವು. ಆ ಗುಡ್ಡ ಈಗ ಜಲ್ಲಿಯಾಗಿ ಯಾವುದೋ ರಸ್ತೆಯ ಅಡಿಗೆ ಹೋಗಿದೆ.

"ಅಂಕಿ ಆ ಪಟ್ಟಿ ಮೇಲೇ ಇತ್ತು," ಅಂದರು ಮೇಡಂ. "ಯಾವುದು ಕೆಳಗಿಂದು, ಯಾವುದು ಮೇಲಿಂದು ಗೊತ್ತಾಗದಿದ್ರೆ ಇವು ಬರೀ ಕಲ್ಲು."

ನಂದಿನಿ ಒಲೆಗೆ ಓಡಿ ಬೂದಿ ಕೆದರಿದಳು; ಒಂದು ಪಟ್ಟಿಯೂ ಉಳಿದಿರಲಿಲ್ಲ.

*

ಎರಡು ವರ್ಷದ ಹಿಂದೆ ತೆಕ್ಕಲಕೋಟೆಯಿಂದ ತವರಿಗೆ ಬಂದಾಗ ಅಪ್ಪ ಅವಳ ಮಡಿಲಿಗೆ ಒಂದು ಕಲ್ಲು ಇಟ್ಟಿದ್ದ.

"ಸಮುದ್ರದ ತಳದಾಗ ಕಕ್ಕಿದ ಬೆಂಕಿ ಇದು. ನೀರು ತಾಗಿ ದಿಂಬಿನಂಗ ದುಂಡಗಾತು."

"ನಮ್ಮೂರಾಗ ಸಮುದ್ರ ಎಲ್ಲೈತಪ್ಪ?"

"ಇತ್ತು. ಆ ತಳ ಇಂಚಿಂಚು ಹುಟ್ಟಿತೋ, ಒಮ್ಮೆಗೇ ಉಕ್ಕಿ ದೊಡ್ಡ ದಿಬ್ಬಾತೋ, ಮೇಡಂಗ ಅದ ಚಿಂತಿ. ಇವು ಹೇಳ್ತಾವ. ಸಾಲಾಗಿ ನಿಂತ್ರ ಅಷ್ಟ."

ಅವಳು ನಕ್ಕು ಕಲ್ಲು ಕೆಳಗಿಟ್ಟಿದ್ದಳು. ಪಟ್ಟಿ ನೋಡಿರಲಿಲ್ಲ.

*

"ಈ ಕಲ್ಲು ಬುಟ್ಟಿಗೆ ತುಂಬ್ರಿ," ಅಂದ ಸಿರುಗುಪ್ಪದಿಂದ ಬಂದಿದ್ದ ಸೋದರಮಾವ ದೊಡ್ಡಬಸವರಾಜ. "ಹೆಣದ ಮುಂದಿನ ವಿಭೂತಿ ಹತ್ತಿದ್ದು ಮನ್ಯಾಗ ಉಳೀಬಾರದು. ಆತನ ಸಂಗಾಟ ಕುಣಿಗೆ ಹೋಗ್ಲಿ."

"ಮಾವ, ಒಂದೀಟು ತಡಿ."

"ಹೊತ್ತು ಇಳೀತೈತವ್ವ. ಅಯ್ಯನೋರು ಎದ್ದು ನಿಂತಾರ."

"ಇನ್ನೂರೆಪ್ಪತ್ತು ಕೋಟಿ ವರ್ಷದ ಕಲ್ಲು ಇವು," ಅಂದರು ಮೇಡಂ.

"ಹೌದೇನ್ರೀ? ಹಂಗಾರ ಮಣ್ಣಾಗ ಇನ್ನೊಂದೀಟು ವರ್ಷ ಇರ್ತಾವ ಬಿಡ್ರಿ."

ಇಬ್ಬರು ಕಲ್ಲು ತುಂಬಿದ ಬುಟ್ಟಿ ಎತ್ತಿದರು. ನಂದಿನಿ ಅಡ್ಡ ನಿಂತಳು. ಸಾಲು ಕೆಡಿಸಿದವಳು ತಾನೇ.

"ಇಳಸಲೇ ಬಸ್ಯಾ."

ಮುಂಜಾನೆಯಿಂದ ಗಂಡನ ಮಗ್ಗುಲಲ್ಲಿ ಕೂತಿದ್ದ ನಂದಿನಿಯ ಅವ್ವ ಶಿವಬಸಮ್ಮನ ದನಿ ಅದು. ಅಕ್ಕನ ಮಾತಿಗೆ ಅವನು ಹೊತ್ತವರಿಗೆ ಕೈಸನ್ನೆ ಮಾಡಿದ. ಬುಟ್ಟಿ ಅವಳ ಮುಂದೆ ಕೂತಿತು.

"ದಿನಾ ಸಾಲಿನಾಗಿನ ಇವನ್ನ ಎತ್ತಿಟ್ಟು ಕಸ ಹೊಡದೀನಿ. ಒಂದು ಆಕಡಿ ಈಕಡಿ ಆದ್ರ ಈ ಮನಶ್ಯಾ ಉಣ್ತಿರಲಿಲ್ಲ."

ಕಣ್ಣು ಮುಚ್ಚಿ ಮೊದಲನೆಯದನ್ನು ಎತ್ತಿ ತೂಗಿದಳು. "ಇದು ಬಾಗಲ ಕಡೀದು, ಗುಡ್ಡದ ಬುಡದ್ದು. ಒಂದು." ಇನ್ನೊಂದರ ಬೆನ್ನು ಸವರಿದಳು. "ಇದು ಮುಂಗೈಗೆ ಗೀರಿದ್ದು. ನಾಕು." ನಂದಿನಿ ಮೇಡಂ ಕೊಟ್ಟ ಪೆನ್ನಿನಿಂದ ಕಲ್ಲಿನ ಮೇಲೆ ಅಂಕಿ ಬರೆಯುತ್ತ ಹೋದಳು. ಹೊರಗೆ ಹೆಣ ಹೊರುವ ವಿಮಾನ ಕಟ್ಟಿ ನಿಂತವರು ಬಾಗಿಲಿಗೆ ಬಂದು ಇಣುಕಿದರು.

ಕೊನೆಯದರ ಮೇಲೆ ನಂದಿನಿ ಏಳು ಅಂತ ಬರೆದು ಕೆಳಗಿಟ್ಟಳು.

"ಹಂಗಲ್ಲ," ಅಂದಳು ಅವ್ವ. "ಇದರ ತಲಿ ಮ್ಯಾಲ ಬರಬೇಕು. ಸಮುದ್ರದಾಗ ಹಂಗ ಇತ್ತಂತ."

ಕಲ್ಲನ್ನು ಹೊರಳಿಸಿ, ದುಂಡನೆಯ ನೆತ್ತಿ ಮೇಲಾಗಿ ಇಟ್ಟು, ಅದು ಅಲುಗದಂತೆ ಅಂಗೈ ಒತ್ತಿ ಹಿಡಿದಳು. ಉಚ್ಚಂಗೆಪ್ಪನನ್ನು ಎತ್ತಿ ಬಾಗಿಲು ದಾಟಿಸುವಾಗಲೂ ಆ ಕೈ ಅಲ್ಲೇ ಇತ್ತು.